ಕುದುರೆ ಸೀಮೆಯಿಂದ ಡಾಕ್ಟ್ರಿಗೊಂದು ಕಾಗದ

ಡಾಕ್ಟ್ರೇ,

ಕಾಗದ ಬರಿ ಅಂದವನು ನೀನು. ಬರೆದದ್ದನ್ನು ನಮಗೂ ಕಾಣೋ ಹಾಗೆ ಹಾಕು ಅಂದದ್ದು ಹಾಸ್ಟೆಲಿನ ದಂಡು. ಹಾಗಾಗಿ ವಿಳಾಸ ನಿನ್ನದು, ಒಡೆದು ಓದುವವರು ಊರೆಲ್ಲ. ಒಂಬತ್ತನೇ ರೂಮಿನ ವಿಚಾರ ಎತ್ತುವುದಿಲ್ಲ, ಧೈರ್ಯವಾಗಿರು. ಕೊಬ್ಬರಿ ಮಿಠಾಯಿ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ ಅನ್ನೋದನ್ನು ಇಷ್ಟು ಜನ ಸಾಕ್ಷಿಗಳ ಮುಂದೆ ಹೇಳಿಬಿಡುತ್ತೇನೆ.

ಕುಣಿಗಲ್ ಕುದುರೆ ಫಾರಂ ಬೇಲಿ ಪಕ್ಕದಲ್ಲಿ ಹುಟ್ಟಿ ಬೆಳೆದವನು ನೀನು, ಮೇಲಾಗಿ ದನದ ಡಾಕ್ಟರು. ಆದರೂ ಇಲ್ಲಿ ಫ್ರಾನ್ಸಿನ ನೊಜಾಂ-ಲ-ರೊತ್ರು ಊರಿನ ಕಡೆಯ ಕುದುರೆ ನೀನು ಕಂಡಿಲ್ಲ. ನಿಮ್ಮ ಫಾರಂನವು ಓಡಲು ಹುಟ್ಟಿದವು: ಉದ್ದ ಕಾಲು, ತೆಳು ಚರ್ಮ, ನಿಂತಲ್ಲಿ ನಿಲ್ಲದ ಜೀವ. ಇಲ್ಲಿಯವು ಎಳೆಯಲು ಹುಟ್ಟಿದವು. ಒಳ್ಳೆಯ ಗಂಡು ಕುದುರೆ ಒಂದು ಟನ್ ತೂಗುತ್ತದೆ. ನಿಂತರೆ ಅದರ ಬೆನ್ನಿನಾಚೆ ಏನಿದೆ ಅಂತ ನನ್ನ ಎತ್ತರದವನಿಗೆ ಕಾಣುವುದಿಲ್ಲ. ಅಷ್ಟು ದೊಡ್ಡ ಪ್ರಾಣಿ ಮೂತಿ ಚಾಚಿ ನನ್ನ ಕೋಟಿನ ಜೇಬು ಮೂಸಿದಾಗ ಅದರ ಉಸಿರಿನ ಬಿಸಿಗೆ ಮೈ ಜುಮ್ಮೆಂದಿತು. ತಳಿಯ ಹೆಸರು ಪೆರ್ಶೆರಾನ್. ಬೂದು ಇಲ್ಲವೇ ಕಪ್ಪು, ಎರಡೇ ಬಣ್ಣ. ಬೂದಾಗುವ ಮರಿಯೂ ಹುಟ್ಟುವಾಗ ಕಪ್ಪಗೇ ಇರುತ್ತದೆ, ವರ್ಷ ಕಳೆದಂತೆ ಬೆಳ್ಳಗಾಗುತ್ತಾ ಹೋಗುತ್ತದೆ, ನಿನ್ನ ತಲೆಯ ಹಾಗೆ.

ನಾನಿರುವ ಶಾರ್ತ್ರ್‌ನಿಂದ ಲ ಮಾನ್ ಕಡೆಗೆ ಹೋಗುವ ರೈಲಿನಲ್ಲಿ ಕೂತರೆ ಮೊದಲು ಬೋಸ್ ಬಯಲು. ಕಣ್ಣು ಹಾಯಿಸಿದಷ್ಟೂ ಗೋಧಿ ಹೊಲ. ಆಮೇಲೆ ನೆಲ ಏರಿಳಿಯಲು ಶುರುವಾಗುತ್ತದೆ. ಗಿಡಬೇಲಿಯ ಸಾಲು, ಸೇಬಿನ ತೋಟ, ಹುಲ್ಲುಗಾವಲು, ಸಣ್ಣ ಸಣ್ಣ ಹಳ್ಳ. ಅದೇ ಪೆರ್ಶ್ ಸೀಮೆ. ಜಿಲ್ಲೆಯ ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೌಂಟುಗಳ, ಅಂದರೆ ನಮ್ಮ ಪಾಳೇಗಾರರಂಥ ಒಡೆಯರ, ಕಾಲದ ಸೀಮೆ ಇದು, ಫ್ರೆಂಚ್ ಕ್ರಾಂತಿಯಾದ ಮೇಲೆ ಹೊಸ ಜಿಲ್ಲೆಗಳಿಗೆ ಹಂಚಿಹೋಯಿತು. ಹೋದರೂ ಜನ ತಮ್ಮನ್ನು ಪೆರ್ಶ್‌ನವರು ಅಂತಲೇ ಹೇಳಿಕೊಳ್ಳುತ್ತಾರೆ. ಉಯೀನ್ ನದಿ ದಡದ ನೊಜಾಂ ಊರಿನಲ್ಲಿ ಹತ್ತು ಸಾವಿರದೊಳಗೆ ಜನ. ದಿಬ್ಬದ ಮೇಲೆ ರೊತ್ರು ವಂಶದ ಕೌಂಟುಗಳ ಕೋಟೆ, ಅದರ ನಡುವಿನ ಚೌಕ ಗೋಪುರ ಹನ್ನೊಂದನೇ ಶತಮಾನದ್ದು.

ಊರೊಳಗೆ ಸುಲ್ಲಿಯ ಸಮಾಧಿ ಇದೆ. ನಾಲ್ಕನೇ ಆಂರಿ ರಾಜನ ಮಂತ್ರಿಯಾಗಿದ್ದವನು. ಉಳುಮೆ, ಹುಲ್ಲುಗಾವಲು, ಇವೆರಡೇ ಫ್ರಾನ್ಸಿಗೆ ಹಾಲೂಡುವ ಮೊಲೆಗಳು ಅಂದ ಮನುಷ್ಯ. ಹೆಂಡತಿಯ ಜೊತೆ ಮಂಡಿಯೂರಿ ಕೂತ ಅಮೃತಶಿಲೆಯ ಮೂರ್ತಿ, 1642ರ ಕೆಲಸ. ಪ್ರಾಟೆಸ್ಟೆಂಟ್ ಆದದ್ದರಿಂದ ಸಮಾಧಿ ಚರ್ಚಿನ ಒಳಗಿಲ್ಲ, ಪಕ್ಕದಲ್ಲಿ ಬೇರೆಯಾಗಿದೆ. ಕುದುರೆಯ ಊರಿಗೆ ತಕ್ಕ ಮಂತ್ರಿ ಅಂತ ನನಗೆ ಅನ್ನಿಸಿತು.

ನಾನು ಹೋದದ್ದು ನನ್ನ ಜೊತೆ ಕೆಲಸ ಮಾಡುವ ಹುಡುಗಿಯ ಸೋದರಮಾವನ ಮನೆಗೆ. ನೊಜಾಂನಿಂದ ಸ್ವಲ್ಪ ಆಚೆ ಒಂಟಿ ಮನೆ. ಎಪ್ಪತ್ತು ದಾಟಿದ ಅಜ್ಜ. ಅಪ್ಪ, ತಾತ ಎಲ್ಲ ಪೆರ್ಶೆರಾನ್ ಸಾಕಿದವರೇ. ಈಗ ಕೆಲವು ಹೆಣ್ಣು ಕುದುರೆ, 2025ರಲ್ಲಿ ಹುಟ್ಟಿದ ಒಂದು ಮರಿ. ಅಜ್ಜ ಮಾತು ಶುರು ಮಾಡಿದ್ದೇ ನಿನ್ನ ಕಸುಬಿನಿಂದ. ಗೊರಸು ಎತ್ತಿ ತೋರಿಸಿದರು, ತುಟಿ ಸರಿಸಿ ಹಲ್ಲು ತೋರಿಸಿದರು, ಬಾಲ ತೋರಿಸಿದರು. ಹಿಂದೆಲ್ಲ ಗಾಡಿಯ ಹಗ್ಗಕ್ಕೆ ಸಿಕ್ಕದಿರಲಿ ಅಂತ ಬಾಲ ಕತ್ತರಿಸುತ್ತಿದ್ದರಂತೆ. 1996ರಿಂದ ಫ್ರಾನ್ಸಿನಲ್ಲಿ ಅದಕ್ಕೆ ನಿಷೇಧ. ನಿನಗೆ ಹೇಳಲೇಬೇಕು ಅಂತ ಗುರುತು ಹಾಕಿಕೊಂಡೆ.

ಈ ತಳಿಯ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹಳೆಯ ಬದುಕಿನ ವ್ಯವಸ್ಥೆ. ಪೆರ್ಶ್‌ನಲ್ಲಿ ಹುಲ್ಲು ಚೆನ್ನಾಗಿ ಬರುತ್ತದೆ, ಹಾಗಾಗಿ ಇಲ್ಲಿ ಹೆಣ್ಣು ಕುದುರೆಗಳನ್ನು ಇಟ್ಟುಕೊಳ್ಳುತ್ತಿದ್ದರು. ಅವು ಗಬ್ಬವಿರುವಾಗಲೂ ಹೊಲ ಉಳುತ್ತಿದ್ದವು. ಮರಿ ತಾಯಿಹಾಲು ಬಿಟ್ಟ ಕೂಡಲೇ ಮಾರಾಟ. ಕೊಂಡವನು ಬೆಳೆಸಿ ಬೋಸ್ ಬಯಲಿನ ರೈತನಿಗೆ ದಾಟಿಸುತ್ತಿದ್ದ. ಅಲ್ಲಿ ಗೋಧಿ ಹೊಲದಲ್ಲಿ ಹಗುರ ಕೆಲಸಕ್ಕೆ ಹೂಡಿ ಪಳಗಿಸಿ, ಮೈ ತುಂಬಿದ ಮೇಲೆ ಪ್ಯಾರಿಸ್ಸಿಗೆ ಮಾರುತ್ತಿದ್ದರು. ಒಂದೇ ಕುದುರೆ, ಕೈಯಿಂದ ಕೈಗೆ ಹೋದಂತೆಲ್ಲ ರೇಟು ಏರುತ್ತಿತ್ತು, ಪ್ರತಿಯೊಬ್ಬನೂ ದುಡಿಸಿಕೊಂಡು ಲಾಭಕ್ಕೇ ಮಾರುತ್ತಿದ್ದ. ನಮ್ಮ ಕಡೆ ಹಾಲಲ್ಲಿನ ಹೋರಿಕರ ಕೊಂಡು, ಪಳಗಿಸಿ, ನಾಲ್ಕು ಹಲ್ಲಾದ ಮೇಲೆ ಜಾತ್ರೆಯಲ್ಲಿ ಮಾರುವವರು ಇದ್ದರಲ್ಲ, ಅದೇ ಲೆಕ್ಕಾಚಾರ.

ಪ್ಯಾರಿಸ್ಸಿನಲ್ಲಿ ಕಾಯುತ್ತಿದ್ದದ್ದು ಟಪಾಲು ಗಾಡಿ, ಆಮೇಲೆ ಆಮ್ನಿಬಸ್ಸು, ಅಂದರೆ ಕುದುರೆ ಎಳೆಯುವ ಸಿಟಿ ಬಸ್ಸು. 1855ರಲ್ಲಿ ಊರಿನ ಆಮ್ನಿಬಸ್ಸುಗಳೆಲ್ಲ ಒಂದೇ ಕಂಪನಿಯ ಕೈಗೆ ಬಂದವು, ಅದರ ಲಾಯಗಳಲ್ಲಿ ಸಾವಿರಾರು ಕುದುರೆ. ಭಾರ ಎಳೆಯಬೇಕು, ಎಳೆಯುತ್ತಾ ಓಡಲೂ ಬೇಕು. ಆ ಕಾಲದ ಪೆರ್ಶೆರಾನ್ ಈಗಿನಷ್ಟು ದಪ್ಪವೂ ಇರಲಿಲ್ಲ. ಬೂದು ಬಣ್ಣಕ್ಕೆ ಬೇಡಿಕೆ ಹೆಚ್ಚಿದ್ದು ರಾತ್ರಿ ದಾರಿಯಲ್ಲಿ ಕಾಣುತ್ತದೆ ಅಂತ, ಹಾಗನ್ನುತ್ತಾರೆ. ರೋಸಾ ಬೊನೂರ್ ಎಂಬ ಚಿತ್ರಗಾರ್ತಿ ಪೊಲೀಸರಿಂದ ಅನುಮತಿ ಪಡೆದು ಗಂಡಸಿನ ಬಟ್ಟೆ ತೊಟ್ಟು ಪ್ಯಾರಿಸ್ಸಿನ ಕುದುರೆ ಸಂತೆಗೆ ಹೋಗಿ ಗೆರೆಚಿತ್ರ ಮಾಡಿಕೊಂಡು ಬಂದು ಬರೆದ ಐದು ಮೀಟರ್ ಅಗಲದ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದರ ಒಂದು ಫೋಟೋ ಅಜ್ಜನ ಊಟದ ಮನೆಯ ಗೋಡೆ ಮೇಲೂ ಇತ್ತು. ಪ್ಯಾರಿಸ್ಸಿನ ಕೊನೆಯ ಕುದುರೆ ಆಮ್ನಿಬಸ್ಸು ನಿಂತದ್ದು 1913ರ ಜನವರಿಯಲ್ಲಿ. ಮಾರನೇ ವರ್ಷ ಯುದ್ಧ. ಹಳ್ಳಿ ಹಳ್ಳಿಗೆ ಬಂದು ಸೈನ್ಯ ಕುದುರೆಗಳನ್ನು ಎಣಿಸಿಕೊಂಡು ಹೊಡೆದುಕೊಂಡು ಹೋಯಿತು.

ಅಷ್ಟರಲ್ಲಿ ಅಮೆರಿಕದವರು ಬಂದಿದ್ದರು. 1839ರಲ್ಲೇ ನ್ಯೂಜೆರ್ಸಿಯ ಎಡ್ವರ್ಡ್ ಹ್ಯಾರಿಸ್ ಎಂಬಾತ ಕೆಲವನ್ನು ಹಡಗಿನಲ್ಲಿ ಸಾಗಿಸಿದ್ದ. 1870ರ ನಂತರ ಅಲ್ಲಿಯ ವ್ಯಾಪಾರಿಗಳು ನೊಜಾಂಗೇ ಬಂದಿಳಿದು ಬೀಜದ ಕುದುರೆ ಆರಿಸುತ್ತಿದ್ದರು. ಅವರಿಗೆ ಬೇಕಾದದ್ದು ಭಾರ, ಕಪ್ಪು ಬಣ್ಣ. ಇಲ್ಲಿಯವರು ಅದನ್ನೇ ಬೆಳೆಸಿದರು. ವಂಶದ ದಾಖಲೆ ಪುಸ್ತಕವನ್ನೂ ಮೊದಲು ತೆರೆದದ್ದು ಅಮೆರಿಕ, 1876ರಲ್ಲಿ. ನೊಜಾಂನಲ್ಲಿ ಪೆರ್ಶೆರಾನ್ ಸಂಘ ಹುಟ್ಟಿದ್ದು 1883ರಲ್ಲಿ. 1930ರ ಗಣತಿಯಲ್ಲಿ ಅಮೆರಿಕದಲ್ಲಿ 33,000ಕ್ಕೂ ಹೆಚ್ಚು ಪೆರ್ಶೆರಾನ್‌ಗಳಿದ್ದವು. 1954ರಲ್ಲಿ ಅಲ್ಲಿ ಹೊಸದಾಗಿ ದಾಖಲಾದದ್ದು 85. ಡಾಕ್ಟ್ರೇ, ಈ ಎರಡು ಅಂಕಿ ನನ್ನ ತಲೆಯಿಂದ ಇಳಿಯುತ್ತಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಟ್ರಾಕ್ಟರು ಮಾಡಿದ ಕೆಲಸ ಅದು. ಅಲ್ಲಿ ತಳಿಯನ್ನು ಕೈಬಿಡದೆ ಹಿಡಿದವರಲ್ಲಿ ಅಮಿಶ್ ಎಂಬ, ಹಳೆಯ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದ ರೈತರು ಮುಖ್ಯ. ಅವರು ಈಗಲೂ ಕುದುರೆಯಲ್ಲೇ ಉಳುತ್ತಾರೆ.

ನೊಜಾಂನಿಂದ ವಾಯವ್ಯಕ್ಕೆ, ನಾರ್ಮಂಡಿಯಲ್ಲಿ, ಹಾರಾ ದ್ಯು ಪ್ಯಾಂ ಇದೆ. ರಾಜ್ಯದ ಅಶ್ವಶಾಲೆ. ಹದಿನಾಲ್ಕನೇ ಲೂಯಿಯ ಮಂತ್ರಿ ಕೊಲ್ಬೇರ್ 1665ರಲ್ಲಿ ಶುರು ಮಾಡಿದ ವ್ಯವಸ್ಥೆಯ ಭಾಗವಾಗಿ 1715ರಲ್ಲಿ ಕಟ್ಟಡ ಆರಂಭವಾಯಿತು. ರಾಜರ ವರ್ಸಾಯ್ ಅರಮನೆಯ ನೆನಪಲ್ಲಿ ಕುದುರೆಗಳ ವರ್ಸಾಯ್ ಅಂತ ಕರೆಯುತ್ತಾರೆ, ನೋಡಿದರೆ ಒಪ್ಪುತ್ತೀಯ. ಸೈನ್ಯಕ್ಕೆ ಕುದುರೆ ಬೇಕು, ಹೊರದೇಶದಿಂದ ತರಿಸಿದರೆ ದುಬಾರಿ, ಆದ್ದರಿಂದ ಬೀಜದ ಕುದುರೆಯನ್ನು ರಾಜ್ಯವೇ ಸಾಕಿ ರೈತನ ಹೆಣ್ಣು ಕುದುರೆಗೆ ಒದಗಿಸುವುದು. ಕ್ರಾಂತಿಕಾರರು 1790ರಲ್ಲಿ ಮುಚ್ಚಿದರು, ನೆಪೋಲಿಯನ್ 1806ರಲ್ಲಿ ಮತ್ತೆ ತೆರೆದ. ಪ್ರತಿ ವಸಂತದಲ್ಲಿ ಬೀಜದ ಕುದುರೆಗಳು ಹಳ್ಳಿ ಕೇಂದ್ರಗಳಿಗೆ ಹೊರಡುತ್ತಿದ್ದವು. ಅಜ್ಜ ಹುಡುಗನಾಗಿದ್ದಾಗ ಅದು ಬರುವ ದಿನ ಶಾಲೆ ತಪ್ಪಿಸುತ್ತಿದ್ದರಂತೆ. 2010ರಲ್ಲಿ ಹಳೆಯ ಸಂಸ್ಥೆ ಬೇರೊಂದರಲ್ಲಿ ವಿಲೀನವಾಯಿತು, ಬೀಜದ ಕುದುರೆ ಸಾಕುವ ಕೆಲಸದಿಂದ ಸರ್ಕಾರ ಹಿಂದೆ ಸರಿಯಿತು. ಸಂಸ್ಥೆ ಸಾಕಿದ್ದನ್ನೇ ನೆಚ್ಚಿ ನೂರಾರು ವರ್ಷ ಬದುಕಿದ ರೈತ ಒಂದು ಆದೇಶದಲ್ಲಿ ಒಂಟಿಯಾಗುವುದು ನನಗೆ ಸರಿ ಕಾಣಲಿಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಕಂಡ ನಿಮ್ಮ ಫಾರಂ ನೆಲದ ಬಗ್ಗೆ ನೀನು ಫೋನಿನಲ್ಲಿ ಕೂಗಾಡಿದ್ದು ಆಗ ನೆನಪಾಯಿತು. ಕೂಗಾಡಿದ್ದು ಸರಿಯಾಗಿತ್ತು, ಇನ್ನೂ ಕೂಗಾಡು.

ಪೆರ್ಶೆರಾನ್‌ಗಳೆಲ್ಲದರ ಮೂಲಪುರುಷ ಅಂತ ಇಲ್ಲಿ ಹೇಳುವುದು ಜಾಂ-ಲ-ಬ್ಲಾಂ ಎಂಬ ಬಿಳಿ ಕುದುರೆಯನ್ನು. ಉಯೀನ್ ದಡದ ಮೋವ್ ಹಳ್ಳಿಯದು, ಹತ್ತೊಂಬತ್ತನೇ ಶತಮಾನದ ಮೊದಲ ಭಾಗದ್ದು. ಅದರಲ್ಲಿ ಅರಬ್ಬಿ ರಕ್ತ ಇತ್ತು, ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಹೋದ ರೊತ್ರು ಕೌಂಟ್ ತಂದ ಕುದುರೆಗಳಿಂದ ಬಂದದ್ದು ಅಂತ ಅಜ್ಜ ಎದೆಯುಬ್ಬಿಸಿ ಹೇಳಿದರು. ಪುರಾವೆ ಕೇಳುವ ಮನಸ್ಸು ನನಗಾಗಲಿಲ್ಲ. ಕುದುರೆಯ ಕಣ್ಣು, ಅದರ ತಲೆಯ ಅಂದ ನೋಡಿದರೆ ಯಾರಾದರೂ ನಂಬುತ್ತಾರೆ.

ಊಟಕ್ಕೆ ಕೂತಾಗ ನಾನು ಒಂದು ಪ್ರಶ್ನೆ ಕೇಳಿದೆ. ಅಮೆರಿಕದಲ್ಲಿ ಅಮಿಶ್ ಜನ ಉಳಿಸಿದರು, ಇಲ್ಲಿ ಟ್ರಾಕ್ಟರು ಬಂದ ಮೇಲೆ ಯಾರು ಉಳಿಸಿದರು? ಅಜ್ಜ ಬ್ರೆಡ್ ಮುರಿಯುತ್ತಾ, ತುಂಬ ಸಹಜವಾಗಿ, ಕಸಾಯಿ ಅಂದರು.

ಅದು ಎಲ್ಲರಿಗೂ ಗೊತ್ತಿರುವ ವಿಷಯವೇ. 1950ರ ನಂತರ ಹೊಲದಲ್ಲಿ ಕೆಲಸ ತಪ್ಪಿದ ಭಾರದ ತಳಿಗಳನ್ನು ಮಾಂಸಕ್ಕೆ ಬೆಳೆಸಿದರು. ಫ್ರಾನ್ಸಿನಲ್ಲಿ ಅಂಥ ಒಂಬತ್ತು ತಳಿಗಳಿವೆ. ಬ್ರೆತೋನ್, ಕೊಂತ್ವಾ, ಅರ್ದೆನ್ನೆ, ಬುಲೊನ್ನೆ, ಯಾವುದನ್ನು ತೆಗೆದುಕೊಂಡರೂ ಇದೇ ಕತೆ. 1966ರಲ್ಲಿ ಅಕ್ಕಪಕ್ಕದ ಕೆಲವು ಭಾರದ ತಳಿಗಳನ್ನು ಪೆರ್ಶೆರಾನ್ ದಾಖಲೆಯಲ್ಲೇ ಸೇರಿಸಿಬಿಟ್ಟರು. ಈಗ ಫ್ರೆಂಚರು ಕುದುರೆ ಮಾಂಸ ತಿನ್ನುವುದು ತೀರಾ ಕಡಿಮೆ. ಅಂಗಡಿ ಬಾಗಿಲ ಮೇಲೆ ಚಿನ್ನದ ಬಣ್ಣದ ಕುದುರೆ ತಲೆ ಇದ್ದ ಕಸಾಯಿಗಳು ಒಂದೊಂದೇ ಮುಚ್ಚಿವೆ. ಹೀಗಿದ್ದೂ ಭಾರದ ತಳಿಗಳ ಎಷ್ಟೋ ಮರಿಗಳು ಲಾರಿಯಲ್ಲಿ ಇಟಲಿಗೆ ಹೋಗುತ್ತವೆ.

ಅಜ್ಜ ಇನ್ನೊಂದು ಹಳೆಯ ಕತೆ ಹೇಳಿದರು, ಮನೆಗೆ ಬಂದು ಓದಿದೆ, ನಿಜವೇ. ಪ್ಯಾರಿಸ್ಸಿನಲ್ಲಿ ಕುದುರೆ ಮಾಂಸದ ಅಂಗಡಿಗೆ ಕಾನೂನು ಒಪ್ಪಿಗೆ ಸಿಕ್ಕಿದ್ದು 1866ರಲ್ಲಿ. ಅದಕ್ಕಾಗಿ ಓಡಾಡಿದವರಲ್ಲಿ ಎಮಿಲ್ ದೆಕ್ರುವಾ ಮುಖ್ಯ. ಸೈನ್ಯದ ಪಶುವೈದ್ಯ, ನಿನ್ನ ಕುಲದವನು, ಪ್ರಾಣಿದಯೆಯ ಪರವಾಗಿ ದುಡಿದವನು. ಅವರ ವಾದ ಹೀಗೆ: ಮುದಿ ಕುದುರೆಗೆ ಯಾವ ಬೆಲೆಯೂ ಇಲ್ಲದಿದ್ದರೆ ಮಾಲೀಕ ಅದನ್ನು ಬೀದಿಯಲ್ಲಿ ಬಿದ್ದು ಸಾಯುವವರೆಗೆ ಹೊಡೆದು ದುಡಿಸುತ್ತಾನೆ. ಮಾಂಸಕ್ಕೆ ಬೆಲೆ ಬಂದರೆ, ಮೈ ಇಳಿಯದಿರಲಿ ಅಂತ ಹೊಟ್ಟೆ ತುಂಬ ಹಾಕುತ್ತಾನೆ, ಕೊನೆಗಾಲದಲ್ಲಿ ವಿಶ್ರಾಂತಿ ಕೊಡುತ್ತಾನೆ. ಕರುಣೆಯಿಂದಲೇ ಕಟ್ಟಿದ ವಾದ. ಇದನ್ನು ಒಪ್ಪಲೂ ಆಗದೆ ತಳ್ಳಲೂ ಆಗದೆ ನಾನು ವಾರಪೂರ್ತಿ ಒದ್ದಾಡಿದ್ದೇನೆ. ನೀನು ಡಾಕ್ಟರು, ಉತ್ತರ ನಿನ್ನ ಹತ್ತಿರ ಇದ್ದರೆ ಬರಿ.

ಅಜ್ಜನ ಮೇಲೆ ನನಗೆ ಒಂದಿಷ್ಟೂ ಬೇಸರ ಬರಲಿಲ್ಲ. ಕುದುರೆಯ ಮುಖ ಕೈಯಲ್ಲಿ ಹಿಡಿದು ಮಾತಾಡಿಸುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಅದೇ ಮನುಷ್ಯ ಪ್ರತಿ ವರ್ಷ ಒಂದೆರಡು ಮರಿಯನ್ನು ಲಾರಿ ಹತ್ತಿಸುತ್ತಾರೆ. ಇದು ಹೇಗೆ ಅಂತ ಯೋಚಿಸುತ್ತಾ ವಾಪಸು ರೈಲು ಹತ್ತಿದವನಿಗೆ, ಇದು ಹೇಗೆ ಅಂತ ನನಗೆ ಮೊದಲಿಂದ ಗೊತ್ತಿದೆಯಲ್ಲ ಅನ್ನಿಸಿತು.

ನಮ್ಮ ಮನೆಯ ಜೋಡಿ ಎತ್ತು ನಿನಗೆ ನೆನಪಿದೆ. ಸಂಕ್ರಾಂತಿಗೆ ಕಿಚ್ಚು ಹಾಯಿಸುವುದು ನೋಡಲು ಬಂದಾಗ ಅವುಗಳ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಿದವನು ನೀನೇ, ಆಗ ನೀನಿನ್ನೂ ಪಿಯುಸಿಯಲ್ಲಿದ್ದೆ. ಅಸಲು ಹಳ್ಳಿಕಾರ್, ಬೂದು ಮೈ, ಹಿಂದಕ್ಕೆ ಬಾಗಿದ ಕೊಂಬು. ಅದಾದ ಮೇಲೆ ಶಿವರಾತ್ರಿ ಹೊತ್ತಿನ ಜಾತ್ರೆಯಲ್ಲಿ ಅಪ್ಪ ಅವನ್ನು ಮಾರಿದರು. ಬಾಡಿಗೆ ಟ್ರಾಕ್ಟರು ಒಂದು ಬೆಳಗಿನಲ್ಲಿ ಉತ್ತು ಹೋಗುವ ಹೊಲಕ್ಕೆ ಎರಡು ಎತ್ತು ಯಾಕೆ, ವರ್ಷವಿಡೀ ಹುಲ್ಲು ಎಲ್ಲಿಂದ ತರೋದು ಅಂತ ಎಲ್ಲರಿಗೂ ಹೇಳಿದರು, ನಿನಗೂ ಹೇಳಿದರು. ಅದು ನಿಜ. ನಿನಗೆ ಹೇಳದೆ ಉಳಿದದ್ದು, ಆ ದುಡ್ಡಿನಲ್ಲೇ ನನ್ನ ಇಂಜಿನಿಯರಿಂಗ್ ಮೊದಲ ವರ್ಷದ ಫೀಸು ಕಟ್ಟಿದ್ದು.

ಮಾರುವಾಗ ನಾನು ಅಪ್ಪನ ಬೆನ್ನ ಹಿಂದೆಯೇ ಇದ್ದೆ. ದಲ್ಲಾಳಿ ಟವೆಲ್ ಮರೆಯಲ್ಲಿ ಅಪ್ಪನ ಬೆರಳು ಹಿಡಿದು ವ್ಯಾಪಾರ ಕುದುರಿಸಿದ. ಎಲ್ಲ ಹಲ್ಲೂ ಬಂದು ಬಾಯಿಗೂಡಿ ಎಷ್ಟೋ ಕಾಲವಾದ, ಅದರಲ್ಲೊಂದು ಮುಂಗಾಲು ಎಳೆಯುತ್ತಿದ್ದ ಜೊತೆಯನ್ನು ಉಳುವ ರೈತ ಕೊಳ್ಳುವುದಿಲ್ಲ. ಅಪ್ಪನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. 'ಹೊಲಕ್ಕೇ ಹೋಗ್ತವೆ, ಯೋಚನೆ ಮಾಡಬೇಡಿ' ಅಂದ ದಲ್ಲಾಳಿ. ಅಪ್ಪ ಹೂಂ ಅಂದು ಕೊರಳಿನ ಗಂಟೆ ಬಿಚ್ಚಿಕೊಂಡರು. ಬಸ್ಸಿನಲ್ಲಿ ಬರುವಾಗ ಮಳೆ ವಿಚಾರ ಮಾತಾಡಿದರು, ನನ್ನ ಪರೀಕ್ಷೆ ವಿಚಾರ ಮಾತಾಡಿದರು. ಮನೆಗೆ ಬಂದು ಅಮ್ಮನಿಗೂ ಹೊಲಕ್ಕೇ ಹೋದವು ಅಂದರು. ಅಮ್ಮನೂ ಹೂಂ ಅಂದರು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಬೇರೆ ರೀತಿ ಹೇಳಿಲ್ಲ. ಅಪ್ಪನಿಗೆ ಈಗ ವಯಸ್ಸಾಗಿದೆ. ವಿಡಿಯೋ ಕಾಲ್ ಮಾಡಿದಾಗ ಈ ಕುದುರೆಗಳ ಫೋಟೋ ತೋರಿಸಿದೆ. ಎಷ್ಟು ಹಲ್ಲು ಅಂತ ಕೇಳಿದರು, ಯಾವ ಕೆಲಸಕ್ಕೆ ಅಂತ ಕೇಳಿದರು. ಗಾಡಿಗೆ, ದ್ರಾಕ್ಷಿತೋಟ ಉಳಲು ಅಂತ ಹೇಳಿದೆ. ಸುಳ್ಳಲ್ಲ, ಬರ್ಗಂಡಿಯ ಕೆಲವು ತೋಟಗಳಲ್ಲಿ ಮಣ್ಣು ಗಟ್ಟಿಯಾಗದಿರಲಿ ಅಂತ ಮತ್ತೆ ಕುದುರೆ ಹೂಡುತ್ತಿದ್ದಾರೆ, ಊರಿನ ಹೂಗಿಡಕ್ಕೆ ನೀರು ಹಾಕುವ ಗಾಡಿಗೂ ಕಟ್ಟುತ್ತಾರೆ. ಇಟಲಿಯ ಲಾರಿ ವಿಚಾರ ಮಾತ್ರ ಬಾಯಿಗೆ ಬರಲಿಲ್ಲ. ಅಪ್ಪ ಹೂಂ ಅಂದರು. ಅದೇ ಹೂಂ, ಡಾಕ್ಟ್ರೇ.

ಆ ಎತ್ತುಗಳ ಮೇಲೆ ಅಪ್ಪನಿಗಿದ್ದ ಪ್ರೀತಿಯಲ್ಲಿ ನನಗೆ ಅನುಮಾನವೇ ಇಲ್ಲ. ನನ್ನ ಮೇಲೆಯೂ ಪ್ರೀತಿ ಇತ್ತು, ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ಇಷ್ಟು ದೂರ ಬಂದು ಸಂಬಳ ಎಣಿಸುವಾಗ ಇದರ ನೆನಪಾಗುತ್ತದೆ ಅಂತ ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಬೇಕು ಅಂತ ಕೂತದ್ದೂ ಅಲ್ಲ, ಕುದುರೆ ವಿಚಾರ ಬರೆಯಲು ಕೂತದ್ದು. ಹಾಸ್ಟೆಲಿನವರೇ, ಇದನ್ನು ಓದಿ ಯಾರೂ ಅಪ್ಪನಿಗೆ ಫೋನ್ ಮಾಡಬೇಡಿ.

ಸಾಕು, ಈಗ ಸಂತೋಷದ ಸುದ್ದಿ. ಜಪಾನಿನ ಹೊಕ್ಕೈಡೋದ ಓಬಿಹಿರೊ ಊರಿನಲ್ಲಿ ಪೆರ್ಶೆರಾನ್ ರಕ್ತದ ಕುದುರೆಗಳ ರೇಸು ನಡೆಯುತ್ತದೆ, ಗೊತ್ತೇ? ಭಾರ ಹೇರಿದ ಕಬ್ಬಿಣದ ಜಾರುಬಂಡಿ ಎಳೆದುಕೊಂಡು 200 ಮೀಟರ್, ನಡುವೆ ಎರಡು ದಿಬ್ಬ. ಕುದುರೆ ದಿಬ್ಬದ ಮುಂದೆ ನಿಂತು ಸುಧಾರಿಸಿಕೊಂಡು ಆಮೇಲೆ ಹತ್ತುತ್ತದೆ, ಜನ ಪಕ್ಕದಲ್ಲೇ ನಡೆಯುತ್ತಾ ಹುರಿದುಂಬಿಸುತ್ತಾರೆ. ಇಡೀ ಜಗತ್ತಿನಲ್ಲಿ ನಿನ್ನ ಓಟದ ವೇಗಕ್ಕೆ ಹೊಂದುವ ರೇಸು ಇದೊಂದೇ. ಪ್ರವಾಸಕ್ಕೆ ದುಡ್ಡು ಕೂಡಿಸಲು ಶುರು ಮಾಡು.

ಕೊನೆಯದಾಗಿ ಒಂದು ಜವಾಬ್ದಾರಿ. ಫ್ರಾನ್ಸಿನಲ್ಲಿ ಕುದುರೆ ಮರಿಗಳಿಗೆ ಹುಟ್ಟಿದ ವರ್ಷದ ಅಕ್ಷರದಿಂದ ಹೆಸರಿಡುವ ಪದ್ಧತಿ. 2024ರಲ್ಲಿ ಹುಟ್ಟಿದವಕ್ಕೆ ಓ, 2025ರವಕ್ಕೆ ಪ. ಅಜ್ಜನ ಮನೆಯ ಮರಿ ಹೆಣ್ಣು, ಇದನ್ನು ಮಾರುವುದಿಲ್ಲ, ತಾಯಿಯ ಜೊತೆ ಮನೆಯಲ್ಲೇ ಉಳಿಯುತ್ತದೆ ಅಂತ ಅಜ್ಜ ಖಚಿತವಾಗಿ ಹೇಳಿದ್ದಾರೆ. ನಿಮ್ಮ ಭಾಷೆಯಲ್ಲಿ ಒಂದು ಹೆಸರು ಹೇಳು ಅಂತ ಕೇಳಿದರು. ಪುಟ್ಟಿ ಅಂದೆ. ಪ್ಯುತ್ತಿ, ಪುತ್ತೀ ಅಂತ ಏನೇನೋ ಮಾಡಿ ನಕ್ಕರು, ಇನ್ನೂ ಎರಡು ಹೆಸರು ಕಳಿಸು ಅಂದಿದ್ದಾರೆ. ಪಾರ್ವತಿ ನನ್ನ ಆಯ್ಕೆ. ನಿನ್ನದೇನು? ಪದ್ಮ ಅಂತ ಮಾತ್ರ ಹೇಳಬೇಡ, ಕಾರಣ ಒಂಬತ್ತನೇ ರೂಮಿನವರಿಗೆಲ್ಲ ಗೊತ್ತು. ಉಳಿದವರು ಕೆಳಗೆ ಬರೆಯಿರಿ, ಶುಕ್ರವಾರ ಸಂಜೆ ಅಜ್ಜನಿಗೆ ಫೋನ್ ಮಾಡುತ್ತೇನೆ.

ಇಂತಿ ನಿನ್ನ,
ಮಾಗಡಿ ಕಡೆಯವನು